ಫೋನಿನಲ್ಲಿ ಬರುವ ಚೀಟಿ, ಊರಿಗೆ ಬಾರದ ಮಾತ್ರೆ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಹಳ್ಳಿಗಳಲ್ಲಿ ಬಾಯಿಯ ಅಥವಾ ಗಂಟಲಿನ ಕ್ಯಾನ್ಸರ್ ಬಂದವರ ಮನೆಗೆ ಇವತ್ತು ಎರಡು ಔಷಧಗಳ ಸುದ್ದಿ ಮುಟ್ಟುತ್ತದೆ. ಒಂದು, ಬಂಗಿ ಸೊಪ್ಪಿನ, ಅಂದರೆ ಗಾಂಜಾ ಗಿಡದ ಎಲೆಯ, ಸಾರದಿಂದ ಮಾಡಿದ ಎಣ್ಣೆ. ಮಾರುವವರು ಅದಕ್ಕೆ ಆಯುರ್ವೇದದ ಹಳೆಯ ಹೆಸರನ್ನೇ ಇಟ್ಟು ವಿಜಯಾ ಎನ್ನುತ್ತಾರೆ. ಇನ್ನೊಂದು, ಅಫೀಮಿನಿಂದ ತೆಗೆಯುವ ಮಾರ್ಫಿನ್ ಮಾತ್ರೆ. ಎಣ್ಣೆ ಬೇಕಾದರೆ ಮನೆಯ ಹುಡುಗ ಮೊಬೈಲಿನಲ್ಲಿ ಅರ್ಜಿ ತುಂಬಿ, ಎಲ್ಲೋ ಇರುವ ವೈದ್ಯರೊಬ್ಬರ ಜೊತೆ ಹತ್ತು ಹದಿನೈದು ನಿಮಿಷ ಮಾತಾಡಿದರೆ ಸಾಕು. ಕೆಲವೇ ದಿನಗಳಲ್ಲಿ ಕೊರಿಯರ್‌ನವನು ಬಾಗಿಲಿಗೆ ಬರುತ್ತಾನೆ. ಮಾತ್ರೆ ಬೇಕಾದರೆ ಫೋನು ನಡೆಯುವುದಿಲ್ಲ. ಬಸ್ಸು ಹತ್ತಿ ದೊಡ್ಡ ಊರಿನ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಮಾರ್ಫಿನ್ ಇಟ್ಟುಕೊಳ್ಳುವ ಮಾನ್ಯತೆ ಇರಬೇಕು, ಅದನ್ನು ಬರೆಯುವ ಧೈರ್ಯ ಇರುವ ವೈದ್ಯರು ಅವತ್ತು ಸಿಗಬೇಕು. ಕ್ಯಾನ್ಸರ್ ತಂದ ತೀವ್ರ ನೋವಿಗೆ ಇವೆರಡರಲ್ಲಿ ಯಾವುದರ ಬಲ ಸಾಬೀತಾಗಿದೆ ಎಂಬ ಬಗ್ಗೆ ವೈದ್ಯಲೋಕದಲ್ಲಿ ಜಗಳವಿಲ್ಲ. ಅದು ಮಾರ್ಫಿನ್. ಕೈಗೆ ಸುಲಭವಾಗಿ ಸಿಗುವುದು ಮಾತ್ರ ಇನ್ನೊಂದು.

ಈ ತಿರುವುಮುರುವಿನ ಹಿಂದೆ ಒಂದು ಸಾಮಾನ್ಯ ಪ್ರಶ್ನೆ ಇದೆ. ರೋಗಿಯನ್ನು ಮುಟ್ಟದೆ, ಮುಖ ನೋಡಿಯೋ ನೋಡದೆಯೋ ಬರೆದ ಚೀಟಿಯನ್ನು ನಾವು ಯಾವಾಗ ಚಿಕಿತ್ಸೆ ಎನ್ನಬಹುದು? ನನ್ನ ಉತ್ತರ ಇದು: ಚೀಟಿ ಬರೆದವರು ಮರುದಿನವೂ, ಮುಂದಿನ ವಾರವೂ ಆ ರೋಗಿಗೆ ಹೊಣೆಗಾರರಾಗಿ ಉಳಿದರೆ ಅದು ಚಿಕಿತ್ಸೆ. ಆ ಹೊಣೆ ಫೋನ್ ಇಟ್ಟೊಡನೆ ಮುಗಿದುಹೋದರೆ, ನಡೆದದ್ದು ಮಾರಾಟ. ಟೆಲಿಮೆಡಿಸಿನ್ ಹಳ್ಳಿಗೆ ಬಂದ ದೊಡ್ಡ ಉಪಕಾರ ಎಂದು ನಂಬಿರುವುದರಿಂದಲೇ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು ಅನ್ನಿಸಿದೆ.

ಮೊದಲು ಎಣ್ಣೆಯ ದಾರಿಯನ್ನೇ ನೋಡೋಣ. ಕಂಪನಿಯ ತಾಣದಲ್ಲಿ ವಯಸ್ಸು ಹದಿನೆಂಟು ದಾಟಿದೆ ಎಂದು ಒಪ್ಪಿಕೊಳ್ಳಬೇಕು. ಕಾಯಿಲೆ ಯಾವುದು, ನೋವು ಎಷ್ಟು ದಿನದ್ದು, ನಿದ್ದೆ ಬರುತ್ತದೆಯೇ, ಬೇರೆ ಏನು ಔಷಧ ನಡೆದಿದೆ ಎಂಬ ಪ್ರಶ್ನೆಗಳಿಗೆ ಗುರುತು ಹಾಕಬೇಕು. ಹಳೆಯ ವರದಿಗಳ ಫೋಟೊ ಏರಿಸಬೇಕು. ಸಮಾಲೋಚನೆಯ ಹಣ ಕಟ್ಟಿದ ಮೇಲೆ, ಕೆಲವು ಕಡೆ ಹಣವೇ ಇಲ್ಲದೆ, ಆಯುರ್ವೇದ ಪದವಿ ಪಡೆದ ವೈದ್ಯರೊಬ್ಬರು ಕರೆ ಮಾಡುತ್ತಾರೆ. ಮಾತು ಮುಗಿದ ಮೇಲೆ ಅವರ ನೋಂದಣಿ ಸಂಖ್ಯೆ ಇರುವ ಚೀಟಿ ವಾಟ್ಸ್‌ಆ್ಯಪ್‌ಗೋ ಇಮೇಲ್‌ಗೋ ಬರುತ್ತದೆ. ಅದನ್ನು ಅದೇ ತಾಣಕ್ಕೆ ಕೊಟ್ಟು ಬಾಟಲಿ ತರಿಸಿಕೊಳ್ಳುವುದು. ನಾಲಿಗೆಯ ಕೆಳಗೆ ಇಷ್ಟು ಹನಿ, ದಿನಕ್ಕೆ ಎರಡು ಸಲ, ಮೂರು ನಾಲ್ಕು ದಿನಕ್ಕೊಮ್ಮೆ ಹನಿ ಏರಿಸುತ್ತ ಹೋಗುವುದು. ಸಣ್ಣ ಬಾಟಲಿಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ. ಬೆಂಗಳೂರಿನ ಕೋರಮಂಗಲದಲ್ಲಿ 2020ರ ಫೆಬ್ರುವರಿಯಲ್ಲಿ ಇಂಥ ಔಷಧಕ್ಕೆಂದೇ ಒಂದು ಕ್ಲಿನಿಕ್ ತೆರೆದಾಗ ಅದು ದೇಶಕ್ಕೇ ಸುದ್ದಿಯಾಗಿತ್ತು. ಮುಂದಿನ ತಿಂಗಳೇ ಲಾಕ್‌ಡೌನ್ ಬಂತು, ವೈದ್ಯರು ಫೋನಿಗೆ ಬಂದರು. ಈಗ ಕ್ಲಿನಿಕ್ಕಿನ ಬಾಗಿಲು ಎಲ್ಲಿದೆ ಎಂದು ಹುಡುಕುವ ಅಗತ್ಯವೇ ಯಾರಿಗೂ ಇಲ್ಲ.

ಗಾಂಜಾ ನಿಷೇಧವಿರುವ ದೇಶದಲ್ಲಿ ಇದು ಸಾಧ್ಯವಾದದ್ದು ಹೇಗೆ? 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಕ ವಸ್ತುಗಳ ಕಾಯಿದೆ, ಅಂದರೆ ಎಲ್ಲರೂ ಹೇಳುವ ಎನ್‌ಡಿಪಿಎಸ್ ಕಾಯಿದೆ, ಈ ಗಿಡವನ್ನು ಇಡಿಯಾಗಿ ನಿಷೇಧಿಸಿಲ್ಲ. ಹೂವು ಕಾಯಿ ಬಿಟ್ಟ ತುದಿ ಅದರ ಕಣ್ಣಿನಲ್ಲಿ ಗಾಂಜಾ. ಬಿಡಿಸಿದ ಅಂಟು ಚರಸ್. ತುದಿ ಸೇರದ ಎಲೆ ಮತ್ತು ಬೀಜವನ್ನು ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಎಲೆ ರಾಜ್ಯಗಳ ಅಬಕಾರಿ ನಿಯಮಗಳ ಕೆಳಗೆ ಬರುತ್ತದೆ. 2022ರಲ್ಲಿ ಬೆಂಗಳೂರಿನ ಪೊಲೀಸರು ಈ ಎಲೆಯಿಂದ ಮಾಡುವ ಭಂಗ್ 29 ಕಿಲೋ ಹಿಡಿದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು, ಈ ಕಾಯಿದೆಯಲ್ಲಿ ಭಂಗ್ ಅನ್ನು ನಿಷಿದ್ಧ ಪದಾರ್ಥ ಎಂದು ಎಲ್ಲಿಯೂ ಹೇಳಿಲ್ಲ ಎಂದು ಗಮನಿಸಿ ಆರೋಪಿಗೆ ಜಾಮೀನು ಕೊಟ್ಟಿತು. ಎಣ್ಣೆ ತಯಾರಿಸುವವರು ತಮ್ಮದು ಎಲೆಯ ಸಾರ ಎನ್ನುವುದು ಈ ಕಾರಣಕ್ಕೆ.

ಅದೇ ಹೊತ್ತಿಗೆ ಮೆಕ್ಕೆಜೋಳದ ಹೊಲದ ನಡುವೆ ನಾಲ್ಕು ಗಾಂಜಾ ಗಿಡ ಬೆಳೆಸಿದ ರೈತನಿಗೆ ಇದೇ ಕಾಯಿದೆ ಹತ್ತು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ ಹೇಳುತ್ತದೆ. ಅಂಥ ರೈತನ ಪರವಾಗಿ ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಗಿಡದ ಯಾವ ಭಾಗ ಎಂಬುದರ ಮೇಲೆ ಎಳೆದ ಗೆರೆ ಕಾಯಿಲೆಯವರಿಗೆ ಏನೂ ಹೇಳುವುದಿಲ್ಲ ಎಂಬುದನ್ನು ನೆನಪಿಡಬೇಕು. ಎಲೆಯಲ್ಲಿಯೂ ಅಮಲು ತರುವ ಟಿಎಚ್‌ಸಿ ಇದೆ, ಪ್ರಮಾಣ ಕಡಿಮೆ ಅಷ್ಟೆ. ಸಾರ ತೆಗೆದು ಗಟ್ಟಿ ಮಾಡಿದ ಮೇಲೆ ಆ ಕಡಿಮೆ ಎಂಬ ಮಾತಿಗೂ ಅರ್ಥ ಉಳಿಯುವುದಿಲ್ಲ.

ಈ ಗಿಡ ನಮಗೆ ಹೊಸದೂ ಅಲ್ಲ. ಉತ್ತರ ಕರ್ನಾಟಕದ ಕೆಲವು ಅವಧೂತ, ಆರೂಢ ಪರಂಪರೆಗಳಲ್ಲಿ ಅದನ್ನು ಪ್ರಸಾದವೆಂದು ಕಾಣುವ ರೂಢಿ ಇದೆ. ಬಂಗಿ ಸೊಪ್ಪು ಹೊಟ್ಟೆನೋವಿಗೆ, ಭೇದಿಗೆ ಆಗುತ್ತಿತ್ತೆಂದು ಹೇಳುವ ಹಿರಿಯರು ಹಳ್ಳಿಯ ಕಟ್ಟೆಗಳಲ್ಲಿ ಇನ್ನೂ ಸಿಗುತ್ತಾರೆ. ಶಾರ್ಙ್ಗಧರ ಸಂಹಿತೆಯ ಜಾತಿಫಲಾದಿ ಚೂರ್ಣದಲ್ಲಿ ಬಂಗಿ ಇದೆ. ಗ್ರಹಣಿ ಎಂಬ ಕರುಳಿನ ಕಾಯಿಲೆಗೆ ವೈದ್ಯರು ಅದನ್ನು ಬಳಸುತ್ತ ಬಂದಿದ್ದಾರೆ. ಕೋಲ್ಕತ್ತಾದಲ್ಲಿ ವೈದ್ಯನಾಗಿದ್ದ ಓ'ಷಾನಸಿ 1839ರಲ್ಲಿ ಇದರ ಪ್ರಯೋಗಗಳನ್ನು ಬರೆದ ಮೇಲೆಯೇ ಯುರೋಪಿನ ಔಷಧ ಅಂಗಡಿಗಳಿಗೆ ಇದು ಹೋಯಿತು. ವಿಜಯಾ ಮಾರುವವರು ಈ ಪರಂಪರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ. ಆದರೆ ಪರಂಪರೆಯ ಬಂಗಿ ಎಂದರೆ ಶೋಧನೆ ಮಾಡಿ, ತುಪ್ಪದಲ್ಲಿ ಹುರಿದು, ಹತ್ತಾರು ಮೂಲಿಕೆಗಳ ಜೊತೆ ಬೆರೆಸಿ, ಚಿಟಿಕೆಯ ಅಳತೆಯಲ್ಲಿ ಎದುರಿಗೆ ಕುಳಿತ ವೈದ್ಯರು ಕೊಡುತ್ತಿದ್ದ ಚೂರ್ಣ. ನಾಲಿಗೆಯ ಕೆಳಗೆ ಹನಿ ಬಿಡುವ ಗಾಢ ಸಾರಕ್ಕೆ ಆ ಹಳೆಯ ಅನುಭವದ ಸಾಕ್ಷಿ ತಾನಾಗಿ ವರ್ಗಾವಣೆ ಆಗುವುದಿಲ್ಲ. ಹೊಸ ರೂಪಕ್ಕೆ ಹೊಸ ಪರೀಕ್ಷೆ ಬೇಕು.

ಪರೀಕ್ಷೆಗಳು ಇಲ್ಲವೆಂದಲ್ಲ. ಮಕ್ಕಳಲ್ಲಿ ಬರುವ ಎರಡು ಕಠಿಣ ಬಗೆಯ ಮೂರ್ಛೆರೋಗಕ್ಕೆ ಈ ಗಿಡದ ಇನ್ನೊಂದು ಅಂಶವಾದ ಸಿಬಿಡಿಯ ಶುದ್ಧ ದ್ರಾವಣವನ್ನು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಒಪ್ಪಿತು. ಕೀಮೋ ತರುವ ವಾಂತಿಗೆ ಕೃತಕ ಟಿಎಚ್‌ಸಿ ಮಾತ್ರೆ 1985ರಿಂದಲೇ ಅಲ್ಲಿ ಇದೆ. ನರಗಳ ಕಾಯಿಲೆಯಿಂದ ಸ್ನಾಯು ಬಿಗಿಯುವವರಿಗೆ ಬ್ರಿಟನ್ನಿನಲ್ಲಿ 2010ರಿಂದ ಬಾಯಿಗೆ ಸಿಂಪಡಿಸುವ ಔಷಧ ಸಿಗುತ್ತದೆ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ ಈ ಗಿಡವನ್ನು ಅತ್ಯಂತ ಅಪಾಯಕಾರಿ ಪಟ್ಟಿಯಿಂದ ತೆಗೆಯುವ ನಿರ್ಣಯಕ್ಕೆ 27-25 ಮತಗಳಿಂದ ಒಪ್ಪಿದಾಗ ಭಾರತವೂ ಪರವಾಗಿ ಮತ ಹಾಕಿತು. ಹಾಗಾಗಿ ಬಂಗಿಯ ಔಷಧಗುಣದ ಮಾತೆತ್ತಿದವರನ್ನೆಲ್ಲ ಗಾಂಜಾ ಸೇದುವವರ ಸಾಲಿಗೆ ಸೇರಿಸುವುದು ಅನ್ಯಾಯ. ಆದರೆ ನೋವಿನ ವಿಚಾರಕ್ಕೆ ಬಂದರೆ, ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ವೈದ್ಯರ ಸಂಘ 2021ರಲ್ಲಿ ಲಭ್ಯ ಪುರಾವೆಯನ್ನೆಲ್ಲ ಪರಿಶೀಲಿಸಿ, ನೋವಿಗೆ ಇವನ್ನು ಸಾಮಾನ್ಯ ಚಿಕಿತ್ಸೆಯಾಗಿ ಶಿಫಾರಸು ಮಾಡುವಷ್ಟು ಆಧಾರ ಇಲ್ಲ ಎಂದಿತು. ಹಳ್ಳಿಯ ಮನೆಗೆ ಬರುವ ಜಾಹೀರಾತಿನಲ್ಲಿ ಈ ಸಾಲು ಇರುವುದಿಲ್ಲ. ಕ್ಯಾನ್ಸರ್, ಮೂರ್ಛೆರೋಗ, ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರಲ್ಲಿಯೇ ಕಾನೂನು ಮಾಡಿ ನಿಷೇಧಿಸಿದ್ದಾರೆ. ಮೊಬೈಲಿನಲ್ಲಿ ಮಾತ್ರ ಅಂಥ ಮಾತು ತಡೆಯಿಲ್ಲದೆ ಹರಿದಾಡುತ್ತಲೇ ಇದೆ.

ಸವಣೂರು ತಾಲ್ಲೂಕಿನ ಒಂದು ಮನೆಯಲ್ಲಿ ಇಂಥ ಫೋನ್ ಸಮಾಲೋಚನೆ ನಡೆಯುವಾಗ ನಾನು ಕುಳಿತಿದ್ದೆ. ಅರವತ್ತು ದಾಟಿದ ಹೆಂಗಸು. ಜೀವಮಾನವೆಲ್ಲ ಎಲೆ ಅಡಿಕೆ ತಂಬಾಕು ಹಾಕಿಕೊಂಡ ಬಾಯಿ. ಎಡಗೆನ್ನೆಯ ಒಳಗೆ ಗಡ್ಡೆ. ಹುಬ್ಬಳ್ಳಿಯಲ್ಲಿ ವಿಕಿರಣ ಚಿಕಿತ್ಸೆ ಮುಗಿಸಿ ಬಂದಿದ್ದರು. ಆ ಕಡೆಯ ವೈದ್ಯೆಗೆ ಕನ್ನಡ ಬರುತ್ತಿರಲಿಲ್ಲ. ಮಾತು ಹಿಂದಿಯಲ್ಲಿ, ನಡುವೆ ಅಳಿಯ. "ನೋವು ಹೆಂಗೈತಿ ಅಂತ ಕೇಳ್ತಾರ ನೋಡ್ರಿ ಅತ್ತಿ" ಎಂದ. ಆಕೆ ಕೈಯನ್ನು ದವಡೆಯಿಂದ ಕಿವಿಯವರೆಗೆ ಎಳೆದು ತೋರಿಸಿ, "ಬೆಂಕಿ ಇಟ್ಟಂಗ ಉರಿತೈತಪಾ, ಕಿವಿತನಕ ಸೆಳಿತೈತಿ, ರಾತ್ರಿ ಜಗ್ಗಿ ಹೊಡಿತೈತಿ" ಎಂದರು. ಅಳಿಯ ಅದನ್ನು ತುಂಬಾ ನೋವಿದೆಯಂತೆ ಎಂದು ಹೇಳಿ ಮುಗಿಸಿದ. ಅವನ ತಪ್ಪಿಲ್ಲ, ಅವನ ಹಿಂದಿ ಅಷ್ಟೇ. ಆದರೆ ಉರಿಯುವ, ಸೆಳೆಯುವ, ಕಿವಿಗೆ ಹರಿಯುವ ನೋವು ನರಕ್ಕೆ ಪೆಟ್ಟು ಬಿದ್ದುದರ ಗುರುತು. ಅದಕ್ಕೆ ಮಾರ್ಫಿನ್ ಜೊತೆಗೆ ಬೇರೆ ಅಗ್ಗದ ಮಾತ್ರೆಗಳನ್ನೂ ಸೇರಿಸುತ್ತಾರೆ. ಎದುರಿಗೆ ಕುಳಿತ ವೈದ್ಯರಿಗೆ ಆ ಕೈ ಹೋದ ದಾರಿಯೇ ಅರ್ಧ ರೋಗನಿರ್ಣಯ ಹೇಳಿಬಿಡುತ್ತಿತ್ತು. ಫೋನಿನಲ್ಲಿ ಕೈ ಕಾಣಲಿಲ್ಲ.

ಬಾಟಲಿ ಬಂತು. ಅದರ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕು ಎಂಬ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕಂಪನಿಯ ಲೋಪವಲ್ಲ ಇದು, ನಿಯಮವೇ ಹಾಗಿದೆ. ಔಷಧ ಮತ್ತು ಪ್ರಸಾಧನ ನಿಯಮಗಳ ಇ(1) ಅನುಸೂಚಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿ. ಬೀಜ ಬಿಟ್ಟು ಉಳಿದ ಭಂಗ್ ಅದರಲ್ಲಿ ಸೇರಿದೆ. ಆ ಪಟ್ಟಿಯ ಯಾವುದೇ ವಸ್ತು ಇರುವ ಔಷಧಕ್ಕೆ ಈ ಎಚ್ಚರಿಕೆಯನ್ನು ಆ ಎರಡು ಭಾಷೆಗಳಲ್ಲಿ ಮುದ್ರಿಸಬೇಕು. ಔಷಧ ಕುಡಿಸುವ ಸೊಸೆ ಕನ್ನಡ ಶಾಲೆಯಲ್ಲಿ ಓದಿದವಳು. ಹನಿ ಹಾಕುವ ನಳಿಕೆಯನ್ನು ನಾಲಿಗೆಯ ಕೆಳಗೆ ಇಡಲು ಹೋದರೆ ಹುಣ್ಣಿಗೆ ತಾಗಿ ಅತ್ತೆ ಚೀರಿದರು. ಎರಡನೆಯ ವಾರ ಅವರಿಗೆ ವಿಪರೀತ ಮಂಪರು, ಎದ್ದು ನಿಂತರೆ ತಲೆ ತಿರುಗುವುದು. "ಹನಿ ಕಡಿಮಿ ಮಾಡ್ಲೇನ್ರಿ, ಬಿಟ್ಟಬಿಡ್ಲೇನ್ರಿ?" ಎಂದು ಅವಳು ಕೇಳಬೇಕಾದದ್ದು ಯಾರನ್ನು? ಬಾಟಲಿಯ ಮೇಲಿದ್ದ ಸಂಖ್ಯೆಗೆ ಫೋನ್ ಮಾಡಿದರೆ ಮಾರಾಟ ವಿಭಾಗ ಸಿಗುತ್ತಿತ್ತು. ಊರಿನ ಆಶಾ ಕಾರ್ಯಕರ್ತೆಗೆ ಈ ಔಷಧದ ಹೆಸರೇ ಗೊತ್ತಿರಲಿಲ್ಲ. ಮೇಲ್ವಿಚಾರಣೆ ಎಂಬ ಪದ ಬಾಟಲಿಯ ಮೇಲಿತ್ತು, ಮೇಲ್ವಿಚಾರಕರು ಇರಲಿಲ್ಲ.

ಟೆಲಿಮೆಡಿಸಿನ್ ಎಂದರೇ ಹೀಗೆ ಎಂದು ಯಾರೂ ತಿಳಿಯಬಾರದು. 2020ರ ಮಾರ್ಚ್ 25ರಂದು ಕೇಂದ್ರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಓದಿದರೆ ಅದನ್ನು ಬರೆದವರು ಈ ಅಪಾಯವನ್ನು ಕಂಡಿದ್ದರು ಎಂಬುದು ಗೊತ್ತಾಗುತ್ತದೆ. ಔಷಧಗಳನ್ನು ಅವರು ಪಟ್ಟಿಗಳಾಗಿ ಬೇರ್ಪಡಿಸಿದರು. ಜ್ವರದ ಮಾತ್ರೆಯಂಥವನ್ನು ಯಾವ ರೀತಿಯ ಕರೆಯಲ್ಲಾದರೂ ಹೇಳಬಹುದು. ಇನ್ನು ಕೆಲವಕ್ಕೆ ಮೊದಲ ಸಲ ವಿಡಿಯೊದಲ್ಲಿ ರೋಗಿಯ ಮುಖ ಕಾಣಬೇಕು. ಮತ್ತೆ ಕೆಲವನ್ನು ಈಗಾಗಲೇ ನೋಡಿದ ರೋಗಿಗೆ ಮುಂದುವರಿಸಲು ಮಾತ್ರ ಬರೆಯಬಹುದು. ಕೊನೆಯದು ನಿಷಿದ್ಧ ಪಟ್ಟಿ: ಔಷಧ ನಿಯಮಗಳ ಎಕ್ಸ್ ಅನುಸೂಚಿಯ ಔಷಧಗಳು ಮತ್ತು ಎನ್‌ಡಿಪಿಎಸ್ ಕಾಯಿದೆಯ ಮಾದಕಗಳು. ಮಾರ್ಫಿನ್ ಇಲ್ಲಿ ಸೇರಿತು. ಅಮಲಿನ ಔಷಧವನ್ನು ಅಪರಿಚಿತರಿಗೆ ಫೋನಿನಲ್ಲಿ ಬರೆಯಬಾರದು ಎಂಬುದು ಸರಿಯಾದ ವಿವೇಕವೇ. ಆದರೆ ಆ ವಿವೇಕ ಎರಡು ಕಡೆ ಎಡವಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಮಾರ್ಫಿನ್ ಶುರು ಮಾಡಿ, ಹೆಸರು ದಾಖಲಿಸಿಕೊಂಡ ಹಳೆಯ ರೋಗಿಗೂ ಮುಂದಿನ ಹದಿನೈದು ದಿನದ ಮಾತ್ರೆಯನ್ನು ಫೋನಿನಲ್ಲಿ ಬರೆಯುವ ದಾರಿ ಮುಚ್ಚಿಹೋಯಿತು. ಇತ್ತ ಎಲೆಯ ಸಾರವೆಂಬ ಕಾರಣಕ್ಕೆ ಅಮಲಿನ ಇನ್ನೊಂದು ಔಷಧ ಅಪರಿಚಿತರಿಗೂ ಮೊದಲ ಕರೆಯಲ್ಲೇ ಸಿಗುವಂತಾಯಿತು. ರೋಗಿಯ ಕಡೆಯಿಂದ ನೋಡಿದರೆ ಎರಡೂ ತಲೆಕೆಳಗು.

ಮಾರ್ಫಿನ್ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ಜಗತ್ತಿನಲ್ಲಿ ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳಿಗೆ ಕಳಿಸುವ ದೇಶಗಳಲ್ಲಿ ಭಾರತ ಮುಖ್ಯವಾದದ್ದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಹೊಲಗಳಲ್ಲಿ ಬೆಳೆದದ್ದು ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಏರಿಸುವ ಕ್ರಮ ಹೇಳಿ, ಮೇಲಿನ ಮೆಟ್ಟಿಲಿನಲ್ಲಿ ಬಾಯಿಂದ ಕೊಡುವ ಮಾರ್ಫಿನ್ ಇಟ್ಟಿತು. ಅದರ ಹಿಂದಿನ ವರ್ಷವೇ ನಮ್ಮಲ್ಲಿ ಎನ್‌ಡಿಪಿಎಸ್ ಕಾಯಿದೆ ಬಂದಿತ್ತು. ಹತ್ತು ವರ್ಷದ ಜೈಲಿನ ಹೆದರಿಕೆಗೆ, ಇಲಾಖೆಯಿಂದ ಇಲಾಖೆಗೆ ಅಲೆಸುವ ಪರವಾನಗಿಗಳಿಗೆ ಬೇಸತ್ತು ಆಸ್ಪತ್ರೆಗಳೂ ಅಂಗಡಿಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. ದೇಶದಲ್ಲಿ ವರ್ಷಕ್ಕೆ ನೂರಾರು ಕಿಲೋ ಇದ್ದ ವೈದ್ಯಕೀಯ ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಇಳಿದಿತ್ತು. ಒಂದು ತಲೆಮಾರಿನ ವೈದ್ಯರು ಮಾರ್ಫಿನ್ ಚೀಟಿಯನ್ನು ಒಮ್ಮೆಯೂ ಬರೆಯದೆ ಓದು ಮುಗಿಸಿದರು.

2014ರಲ್ಲಿ ಸಂಸತ್ತು ಕಾಯಿದೆ ತಿದ್ದಿತು. ಅದರ ಬೆನ್ನಿಗೆ ಕೇಂದ್ರ ಸರ್ಕಾರ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಮುಂತಾದ ಆರು ಔಷಧಗಳನ್ನು ಅತ್ಯಗತ್ಯ ಮಾದಕ ಔಷಧಗಳೆಂದು ಗುರುತಿಸಿ, ಹತ್ತಾರು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರಿಂದ ಒಂದೇ ಮಾನ್ಯತೆ ಪಡೆದರೆ ಸಾಕು ಎಂದಿತು. ತರಬೇತಿ ಪಡೆದ ವೈದ್ಯರೊಬ್ಬರು ಇರಬೇಕು, ದಾಸ್ತಾನಿನ ಲೆಕ್ಕ ಇಡಬೇಕು, ವರ್ಷಕ್ಕೊಮ್ಮೆ ವರದಿ ಕಳಿಸಬೇಕು. ತಾಲ್ಲೂಕು ಆಸ್ಪತ್ರೆಗೆ ಇದು ಭಾರವಾಗಬೇಕಾದ ಕೆಲಸವಲ್ಲ. ಕೀಲಿ ಹಾಕುವ ಒಂದು ಕಪಾಟು, ಒಂದು ದಪ್ಪ ರಿಜಿಸ್ಟರು, ಕಲಿಯುವ ಮನಸ್ಸಿನ ಒಬ್ಬ ವೈದ್ಯರು. ಹತ್ತು ಮಿಲಿಗ್ರಾಂ ಮಾತ್ರೆಯ ಬೆಲೆ ಕೆಲವೇ ರೂಪಾಯಿ. ಬಾಟಲಿ ಎಣ್ಣೆಗೆ ಸಾವಿರಾರು ಕೊಟ್ಟ ಮನೆ ಅದಕ್ಕಾಗಿ ಸೊಸೈಟಿಯಲ್ಲಿ ಸಾಲ ಎತ್ತಿರಬಹುದು ಎಂದು ನೆನೆದರೆ ಈ ವ್ಯತ್ಯಾಸ ಸಣ್ಣದಲ್ಲ.

ಹೆದರಿಕೆ ಇದ್ದೇ ಇದೆ. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಅದು ಸಾಯುವವರಿಗೆ ಕೊಡುವ ಕೊನೆಯ ಔಷಧ, ಊರಲ್ಲಿ ಇಟ್ಟರೆ ಪುಂಡರ ಕೈಗೆ ಹೋಗುತ್ತದೆ ಎನ್ನುತ್ತಾರೆ. ನೋವಿನ ಅಳತೆಗೆ ತಕ್ಕಂತೆ, ನಾಲ್ಕು ತಾಸಿಗೊಮ್ಮೆ ಗಡಿಯಾರ ನೋಡಿ ಕೊಟ್ಟ ಮಾರ್ಫಿನ್ ಕ್ಯಾನ್ಸರ್ ರೋಗಿಯನ್ನು ಚಟಗಾರನನ್ನಾಗಿ ಮಾಡುವುದು ಅಪರೂಪ. ಮಲಬದ್ಧತೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಇನ್ನೊಂದು ಔಷಧ ಕೊಡುತ್ತಾರೆ. ನೋವು ಇಳಿದವರು ಊಟ ಮಾಡುತ್ತಾರೆ, ಮೊಮ್ಮಕ್ಕಳ ಜೊತೆ ಮಾತಾಡುತ್ತಾರೆ, ಕೆಲವರು ಮತ್ತೆ ಕೀಮೋಗೆ ಹೋಗುವಷ್ಟು ಚೇತರಿಸಿಕೊಳ್ಳುತ್ತಾರೆ. ಸೋರಿಕೆಯ ಭಯಕ್ಕೆ ಉತ್ತರ ಪಕ್ಕದ ಕೇರಳದಲ್ಲಿದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮುಂತಾದವರು ಶುರು ಮಾಡಿದ ನೋವು ತಗ್ಗಿಸುವ ಆರೈಕೆಯ ಕೆಲಸ ಊರೂರಿನ ಪಂಚಾಯಿತಿಗಳವರೆಗೆ ಹರಡಿತು. ನರ್ಸ್ ಮನೆಗೆ ಹೋಗುತ್ತಾರೆ, ಮಾರ್ಫಿನ್ ಮನೆಯವರ ಕೈಗೆ ಸಿಗುತ್ತದೆ. ಕರ್ನಾಟಕದಲ್ಲಿಯೂ ಇಂಥ ಉಪಶಾಮಕ ಆರೈಕೆಗೆ 2016ರಲ್ಲಿ ರಾಜ್ಯನೀತಿ ಬಂತು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯ ಇದೆ. ಹಿರೇಕೆರೂರಿನಿಂದ ಬೆಂಗಳೂರು ಎಷ್ಟು ದೂರ ಎಂಬುದನ್ನು ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಗಡ್ಡೆಯ ನೋವಿನೊಡನೆ ಕುಳಿತವರನ್ನು ಕೇಳಬೇಕು.

ಹಾಗಾದರೆ ಎಣ್ಣೆಯನ್ನು ನಿಷೇಧಿಸಬೇಕೆ? ಬೇಡ. ಬೇರೇನೂ ಸಿಗದ ಕಡೆ ಸಿಕ್ಕಿದ್ದನ್ನು ಹಿಡಿದುಕೊಂಡ ಮನೆಯವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ವಾಕರಿಕೆ ಇಳಿಯಿತು, ರಾತ್ರಿ ನಿದ್ದೆ ಬಂತು ಎಂದು ಹೇಳುವ ರೋಗಿಗಳಿದ್ದಾರೆ; ಅವರ ಅನುಭವ ಸುಳ್ಳಲ್ಲ. ನಿಷೇಧ ಬಂದರೆ ಚೀಟಿ, ನೋಂದಣಿ ಸಂಖ್ಯೆ, ಲೇಬಲ್ ಇರುವ ಬಾಟಲಿ ಹೋಗಿ ಯಾವ ಗುರುತೂ ಇಲ್ಲದ ಬಾಟಲಿ ಬರುತ್ತದೆ. ನಾನು ಕೇಳುವುದು ಬೇರೆ. ಅಮಲಿನ ಅಂಶವಿರುವ ಯಾವುದೇ ಔಷಧಕ್ಕೆ, ಅದು ಅಲೋಪಥಿಯದಾಗಲಿ ಆಯುರ್ವೇದದ್ದಾಗಲಿ, ಎಲೆಯದಾಗಲಿ ಹೂವಿನದಾಗಲಿ, ಒಂದೇ ಕ್ರಮ ಇರಲಿ: ಮೊದಲ ಭೇಟಿ ಎದುರಾಎದುರು, ಆಮೇಲಿನವು ಫೋನಿನಲ್ಲಿ. ಈ ಕ್ರಮದಿಂದ ಎಣ್ಣೆ ಕೊಂಚ ಕಷ್ಟವಾಗುತ್ತದೆ, ಮಾರ್ಫಿನ್ ಬಹಳ ಸುಲಭವಾಗುತ್ತದೆ. ಎರಡೂ ಆಗಬೇಕಾದ್ದೇ.

ಎದುರಾಎದುರು ಎಂದಾಗ ಬೆಂಗಳೂರಿನ ತಜ್ಞರೇ ಹಾನಗಲ್‌ಗೆ ಬರಬೇಕೆಂದಲ್ಲ. 2019ರಲ್ಲಿ ಶುರುವಾದ ಇ-ಸಂಜೀವಿನಿಯಲ್ಲಿ ಇದಕ್ಕೆ ಬೇಕಾದ ಏರ್ಪಾಡು ಆಗಲೇ ಇದೆ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯ ಪಕ್ಕದಲ್ಲಿ ಕೂರುತ್ತಾರೆ, ದೂರದ ವೈದ್ಯರು ಪರದೆಯಲ್ಲಿ. ಬಿಪಿ ನೋಡುವ ಕೈ, ಹುಣ್ಣು ನೋಡುವ ಕಣ್ಣು, ಉರಿತೈತಿ ಎಂಬ ಮಾತನ್ನು ಉರಿಯುತ್ತದೆ ಎಂದೇ ದಾಟಿಸುವ ನಾಲಿಗೆ ರೋಗಿಯ ಬಳಿಯಲ್ಲೇ ಇರುತ್ತವೆ. 2020ರ ಮಾರ್ಗಸೂಚಿಯೂ ಆರೋಗ್ಯ ಕಾರ್ಯಕರ್ತರ ಮೂಲಕ ನಡೆಯುವ ಸಮಾಲೋಚನೆಯನ್ನು ಪ್ರತ್ಯೇಕವಾಗಿ ಗುರುತಿಸಿದೆ. ಮಾನಸಿಕ ಆರೋಗ್ಯಕ್ಕೆ 2022ರಲ್ಲಿ ಬಂದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಹಳ್ಳಿಯವರು ಬಳಸಲು ಕಲಿತ ಹಾಗೆ, ನೋವಿಗೂ ಕನ್ನಡದಲ್ಲಿ ಉತ್ತರ ಕೊಡುವ, ರಾತ್ರಿಯೂ ಎತ್ತುವ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳಲು ಹೊಸ ತಂತ್ರಜ್ಞಾನವೇನೂ ಬೇಡ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯೂ ಸೇರಿದೆ. ಮನೆ ಮನೆಗೆ ಹೋಗಿ ಗಡ್ಡೆ ಇದೆಯೇ ಎಂದು ಕೇಳುವವರು, ನೋವು ಎಷ್ಟಿದೆ ಎಂದೂ ಕೇಳಿ ಬರೆದುಕೊಳ್ಳಬಹುದು.

ಆಯುರ್ವೇದದ ವೈದ್ಯರನ್ನು ಇದರಿಂದ ಹೊರಗಿಡುವ ಮಾತಲ್ಲ ಇದು. ನಮ್ಮ ತಾಲ್ಲೂಕುಗಳಲ್ಲಿ ಹಗಲು ರಾತ್ರಿ ರೋಗಿ ನೋಡುವವರಲ್ಲಿ ಆಯುರ್ವೇದ ಪದವೀಧರರು ಬಹಳ. ವಿಜಯಾ ಕೊಡಬೇಕೆಂದಿದ್ದರೆ ಅದನ್ನು ಊರಿನಲ್ಲಿ ಕುಳಿತ ಆ ವೈದ್ಯರ ಮೂಲಕವೇ ಕೊಡಲಿ. ಅವರಿಗೆ ರೋಗಿಯ ಹಿಂದಿನ ಕಥೆ ಗೊತ್ತು: ರಕ್ತ ತೆಳು ಮಾಡುವ ಮಾತ್ರೆ ನಡೆದಿದೆಯೇ, ಮೂರ್ಛೆಯ ಔಷಧ ಇದೆಯೇ, ಮನೆಯಲ್ಲಿ ಯಾರಿಗಾದರೂ ಮನೋರೋಗ ಬಂದಿತ್ತೇ. ಸಿಬಿಡಿ ಇಂಥ ಕೆಲವು ಔಷಧಗಳ ಜೊತೆ ಸೇರಿದರೆ ಅವುಗಳ ಪ್ರಭಾವ ಹೆಚ್ಚಿಸುತ್ತದೆ. ಟಿಎಚ್‌ಸಿ ಮನೋರೋಗದ ಒಲವಿರುವವರನ್ನು ಕೆಡಿಸಬಹುದು. ಆನ್‌ಲೈನ್ ಅರ್ಜಿಯಲ್ಲಿ ಇವಕ್ಕೂ ಒಂದೊಂದು ಚೌಕ ಇರಬಹುದು. ಆದರೆ ಅಪ್ಪನ ಔಷಧದ ಡಬ್ಬಿಯಲ್ಲಿ ಏನಿದೆ ಎಂದು ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಮಗನಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ.

ಇಷ್ಟಕ್ಕೆ ದೆಹಲಿಯನ್ನು ಕಾಯಬೇಕಾದದ್ದು ಮುಖ್ಯವಾಗಿ ಒಂದು ಕಡೆ: ದಾಖಲಾದ ರೋಗಿಗೆ ಮಾರ್ಫಿನ್ ಮುಂದುವರಿಸುವುದನ್ನು ಟೆಲಿಮೆಡಿಸಿನ್‌ನ ನಿಷಿದ್ಧ ಪಟ್ಟಿಯಿಂದ ಹೊರತರುವ ತಿದ್ದುಪಡಿಗೆ. ಉಳಿದದ್ದರಲ್ಲಿ ಬಹುಪಾಲನ್ನು ಹಾವೇರಿ ಜಿಲ್ಲೆ ತಾನೇ ಆರಂಭಿಸಬಹುದು. ಈಗ ಜಿಲ್ಲೆಗೆ ಸ್ವಂತ ವೈದ್ಯಕೀಯ ಕಾಲೇಜು ಇದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಆಸ್ಪತ್ರೆಗಳಿಂದ ಒಬ್ಬೊಬ್ಬ ವೈದ್ಯರು, ಒಬ್ಬೊಬ್ಬ ನರ್ಸ್ ಅಲ್ಲಿ ನೋವಿನ ಚಿಕಿತ್ಸೆಯ ತರಬೇತಿ ಪಡೆಯುವಂತೆ ಮಾಡಬಹುದು. ಔಷಧ ನಿಯಂತ್ರಕರಿಗೆ ಮಾನ್ಯತೆಯ ಅರ್ಜಿ ಹಾಕಬಹುದು. ವಿಷದ್ರವ್ಯವಿರುವ ಆಯುರ್ವೇದ ಔಷಧದ ಎಚ್ಚರಿಕೆ ಕನ್ನಡದಲ್ಲಿಯೂ ಇರಬೇಕೆಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಬಹುದು. ಅಲ್ಲಿಯವರೆಗೆ ಆಶಾ ಕಾರ್ಯಕರ್ತೆಯರ ಕೈಗೆ ಒಂದು ಪುಟದ ಕನ್ನಡ ಚೀಟಿ ಕೊಡಬಹುದು. ಎಷ್ಟು ಹನಿ, ಮಂಪರು ಬಂದರೆ ಏನು ಮಾಡುವುದು, ಯಾವ ಮಾತ್ರೆಯ ಜೊತೆ ಕೂಡದು, ಯಾರಿಗೆ ಫೋನ್ ಮಾಡುವುದು. ಆ ಪುಟದ ಕೊನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ನೋವಿನ ವೈದ್ಯರ ಹೆಸರೂ ಸಂಖ್ಯೆಯೂ ಇರಬೇಕು, ಮತ್ತು ಅವರ ಕಪಾಟಿನಲ್ಲಿ ಮಾತ್ರೆ ಇರಬೇಕು.